ಮಕ್ಕಳ ಕೈಗೆ ಬಿಡಬೇಕಾದ ಕೆಲಸ: ಶಿವರಾಮ ಕಾರಂತರ ಬದುಕಿನಿಂದ ಕಲಿತದ್ದು

ಅಭ್ಯಾಸ ಬೋಧನೆಗೆ ನನ್ನನ್ನು ನಿಯೋಜಿಸಿದ್ದು ಕಡಬ ತಾಲೂಕಿನ ಪೆರಾಬೆಯ ಕಡೆಯ ಒಂದು ಪ್ರಾಥಮಿಕ ಶಾಲೆಗೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಲಿಯುವ ನಲಿಕಲಿ ಕೊಠಡಿ ನನ್ನ ಪಾಲಿಗೆ ಬಂದಿತ್ತು. ಒಟ್ಟು 18 ಮಕ್ಕಳು. ನವರಾತ್ರಿಯ ಹೊತ್ತಿಗೆ ಶಾಲೆಯಲ್ಲಿ ಶಾರದಾ ಪೂಜೆ ಇತ್ತು. ಅದೇ ವಾರ ನನ್ನ ಪಾಠದ ಅವಲೋಕನವೂ ಇತ್ತು. ಕರಕುಶಲ ಚಟುವಟಿಕೆಯನ್ನೇ ಪಾಠವಾಗಿ ಇಟ್ಟುಕೊಂಡು, ಪೂಜೆಯ ಅಲಂಕಾರಕ್ಕೆ ಕಾಗದದ ನವಿಲುಗಳನ್ನು ಮಾಡಿಸುವುದೆಂದು ಯೋಜನೆ ಬರೆದೆ.

ಹಿಂದಿನ ರಾತ್ರಿ ಕುಳಿತು 18 ನವಿಲುಗಳನ್ನೂ ನಾನೇ ಕತ್ತರಿಸಿದೆ. ಗರಿಗಳನ್ನು ಅಳತೆ ಹಿಡಿದು ಕತ್ತರಿಸಿ ಪೊಟ್ಟಣ ಕಟ್ಟಿದೆ. ಎಲ್ಲಿ ಅಂಟಿಸಬೇಕೆಂದು ಪೆನ್ಸಿಲಿನಿಂದ ಚುಕ್ಕಿ ಇಟ್ಟೆ. ಮಕ್ಕಳು ಮಾಡಬೇಕಾಗಿದ್ದದ್ದು ಚುಕ್ಕಿಯ ಮೇಲೆ ಗರಿ ಅಂಟಿಸುವುದು ಮಾತ್ರ. 35 ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು. ಅವಲೋಕನ ಪುಸ್ತಕದಲ್ಲಿ ಪೂರ್ವಸಿದ್ಧತೆಯ ಬಗ್ಗೆ, ಸಮಯಪಾಲನೆಯ ಬಗ್ಗೆ ಒಳ್ಳೆಯ ಮಾತುಗಳು ಬಂದವು. ನವಿಲುಗಳು ಗೋಡೆಯ ಮೇಲೆ ಸಾಲಾಗಿ ನಿಂತವು. ಬಂದ ಹೆತ್ತವರು ಮೆಚ್ಚಿದರು. ನನಗೂ ಹೆಮ್ಮೆಯೆನಿಸಿತು.

ಪೂಜೆ ಮುಗಿದ ಮೇಲೆ ನವಿಲುಗಳನ್ನು ಬಿಡಿಸಿ ಮೇಜಿನ ಮೇಲಿಟ್ಟು, ಅವರವರದನ್ನು ಅವರವರು ಮನೆಗೆ ಕೊಂಡುಹೋಗಲು ಹೇಳಿದೆ. ಮಕ್ಕಳು ಮೇಜಿನ ಸುತ್ತ ಸೇರಿ ಸುಮ್ಮನೆ ನಿಂತರು. ತನ್ನದು ಯಾವುದೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ಮೂವರು ಏನನ್ನೂ ತೆಗೆದುಕೊಳ್ಳದೆ ಹೋದರು. ಉಳಿದ ಆ ಮೂರು ನವಿಲುಗಳನ್ನು ನೋಡುತ್ತ ಕುಳಿತಾಗ, ಇವೆಲ್ಲ ನನ್ನವೇ ಎಂದು ತಿಳಿಯಿತು. ಮಕ್ಕಳು ನನ್ನ ಪಾಠಕ್ಕೆ ಕೂಲಿಯಾಳುಗಳಾಗಿ ಬಂದಿದ್ದರು, ಅಷ್ಟೆ.

ಅದೇ ದಸರಾ ರಜೆಯಲ್ಲಿ ನಮ್ಮ ಜಿಲ್ಲೆಯ ಶಿಕ್ಷಣ ಚಿಂತಕರೊಬ್ಬರ ಬದುಕಿನ ಕುರಿತು ನಿಯೋಜಿತ ಕಾರ್ಯ ಬರೆಯಬೇಕಾಗಿತ್ತು. ನಾನು ಆರಿಸಿಕೊಂಡದ್ದು ಶಿವರಾಮ ಕಾರಂತರನ್ನು. ಹತ್ತಿರವಿದ್ದಾರೆ, ಮಾಹಿತಿ ಸುಲಭವಾಗಿ ಸಿಗುತ್ತದೆ ಎಂಬ ಲೆಕ್ಕಾಚಾರ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಓದುತ್ತ ಹೋದಂತೆ ಆ ಮೂರು ನವಿಲುಗಳು ಮತ್ತೆ ಮತ್ತೆ ನೆನಪಿಗೆ ಬಂದವು. ಅದಕ್ಕಾಗಿ ಅವರ ಬದುಕನ್ನು ಇಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯ ಕಣ್ಣಿನಿಂದ ಹೇಳುತ್ತಿದ್ದೇನೆ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಯಕ್ಷಗಾನ ಮೇಳಗಳು ಓಡಾಡುವ ನಾಡಿನಲ್ಲಿ ಬೆಳೆದ ಹುಡುಗ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಕಾಲೇಜನ್ನು ಬಿಟ್ಟವರು ಮತ್ತೆ ಹಿಂದಿರುಗಲಿಲ್ಲ. ಖಾದಿ ಪ್ರಚಾರ ಮಾಡಿದರು. ‘ವಸಂತ’ ಎಂಬ ಪತ್ರಿಕೆ ನಡೆಸಿದರು. ನಾಟಕ ಬರೆದರು, ಆಡಿಸಿದರು. 1930ರ ಸುಮಾರಿಗೆ ಮೂಕಿ ಚಲನಚಿತ್ರ ಮಾಡುವ ಸಾಹಸಕ್ಕೂ ಇಳಿದರು. ಯಾವ ಕೆಲಸಕ್ಕೂ ಅವರ ಬಳಿ ಪ್ರಮಾಣಪತ್ರ ಇರಲಿಲ್ಲ. ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯುವುದೇ ಅವರ ಕ್ರಮ. 1948ರಲ್ಲಿ ಪ್ರಕಟವಾದ ಆತ್ಮಕಥೆಗೆ ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಆ ಹೆಸರೇ ಅವರ ಕಲಿಕೆಯ ರೀತಿಯನ್ನು ಹೇಳುತ್ತದೆ.

ಯೌವನದಲ್ಲೇ ಅವರು ಪುತ್ತೂರಿಗೆ ಬಂದರು. ಅಲ್ಲಿ ಅವರಿಗೆ ಒತ್ತಾಸೆಯಾಗಿ ನಿಂತವರು ದಕ್ಷಿಣ ಕನ್ನಡದ ಸಹಕಾರ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರು. ಪುತ್ತೂರಿನಲ್ಲಿ ದಸರೆಯನ್ನು ನಾಡಹಬ್ಬವಾಗಿ ಆಚರಿಸುವ ಕೆಲಸವನ್ನು ಇವರು ಕೂಡಿ ಕಟ್ಟಿದರು. ಸಂಗೀತ, ನಾಟಕ, ಉಪನ್ಯಾಸ, ಕುಣಿತ ಎಲ್ಲವೂ ಅದರಲ್ಲಿ ಸೇರಿದವು. ಹೊರಗಿನ ಸಾಹಿತಿಗಳು ಅತಿಥಿಗಳಾಗಿ ಬಂದರು. ಪೂಜೆಯ ಸುತ್ತ ನಡೆಯುತ್ತಿದ್ದ ಹಬ್ಬ, ಊರಿನವರು ನೋಡುವ, ಕೇಳುವ, ಪಾಲ್ಗೊಳ್ಳುವ ಹಬ್ಬವಾಯಿತು. ಒಬ್ಬ ಲೇಖಕ, ಒಬ್ಬ ವಕೀಲ, ಶಾಲೆಯ ಮಕ್ಕಳು, ಪೇಟೆಯ ಜನ ಒಂದೇ ಕೆಲಸಕ್ಕೆ ಕೈಹಾಕಿದ ಉದಾಹರಣೆ ಅದು. ಸಮುದಾಯದ ಸಹಭಾಗಿತ್ವ ಎಂದು ನಾವು ಪಾಠಯೋಜನೆಯ ಒಂದು ಅಂಕಣದಲ್ಲಿ ಬರೆಯುವ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಇಷ್ಟು ಹಳೆಯ ಬೇರು ಇದೆಯೆಂದು ನನಗೆ ತಿಳಿದಿರಲಿಲ್ಲ.

ಅದೇ ದಿನಗಳಲ್ಲಿ ಅವರು ಶಾಲೆಯ ಮಕ್ಕಳಿಗೆ ನೃತ್ಯ ಕಲಿಸುತ್ತಿದ್ದರು, ನಾಟಕ ಆಡಿಸುತ್ತಿದ್ದರು. ಹೀಗೆ ಕಲಿಸಲು ಹೋದ ಶಾಲೆಯಲ್ಲಿಯೇ ಅವರಿಗೆ ಲೀಲಾ ಆಳ್ವರ ಪರಿಚಯವಾಯಿತು. ಜಾತಿಯ ಗೆರೆಯನ್ನು ದಾಟಿ 1936ರಲ್ಲಿ ಇಬ್ಬರೂ ಮದುವೆಯಾದರು. ಆ ಕಾಲದಲ್ಲಿ ಅದು ಊರಿನ ಬಾಯಿಗೆ ಬೀಳುವ ಸಂಗತಿ. ಮರಾಠಿಯಲ್ಲಿ ಓದಿದ್ದ ಲೀಲಾ ಅವರು ಕನ್ನಡವನ್ನು ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದರು. ಗಂಡನ ಪ್ರಯೋಗಗಳಲ್ಲಿ ಕುಣಿದರು, ದುಡಿದರು, ಬೆಂಬಲವಾಗಿ ನಿಂತರು.

ಪುತ್ತೂರಿನ ಪರ್ಲಡ್ಕದಲ್ಲಿ ಕಾರಂತರು ಕಟ್ಟಿದ ‘ಬಾಲವನ’ದ ಹಿಂದೆ ಇದ್ದದ್ದು ಒಂದು ಸರಳ ಆಲೋಚನೆ. ಮಗು ಪುಸ್ತಕದ ಸಾಲನ್ನು ಬಾಯಿಪಾಠ ಮಾಡಿ ಕಲಿಯುವ ಬದಲು ಆಟ, ಹಾಡು, ಕುಣಿತ, ಚಿತ್ರ ಮತ್ತು ಸುತ್ತಲಿನ ನಿಸರ್ಗದಿಂದ ಕಲಿಯಬೇಕು. ಇಂಥ ಆಲೋಚನೆ ಆಗ ದೇಶದ ಬೇರೆಡೆಯೂ ಚಿಗುರುತ್ತಿತ್ತು. ರವೀಂದ್ರನಾಥ ಠಾಕೂರರು 1901ರಲ್ಲೇ ಶಾಂತಿನಿಕೇತನದಲ್ಲಿ ಮರದಡಿಯ ಶಾಲೆ ತೆರೆದಿದ್ದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿದ್ದರು. ಕೈಕೆಲಸವನ್ನು ಶಿಕ್ಷಣದ ನಡುವಿಗೆ ತಂದ ವಾರ್ಧಾ ಸಮ್ಮೇಳನ ನಡೆದದ್ದು 1937ರಲ್ಲಿ. ಶಿಕ್ಷಣಶಾಸ್ತ್ರದ ಪಠ್ಯದಲ್ಲಿ ಈ ಹೆಸರುಗಳನ್ನೆಲ್ಲ ನಾವು ಓದುತ್ತೇವೆ. ನಮ್ಮದೇ ಪುತ್ತೂರಿನ ಗುಡ್ಡದ ಮೇಲೆ ಅದೇ ಬಗೆಯ ಯೋಚನೆಗೆ ಒಬ್ಬರು ಕೈಯಿಂದ ದುಡ್ಡು ಹಾಕಿ ಕುಳಿತಿದ್ದರು ಎಂಬುದನ್ನು ಮಾತ್ರ ಮರೆಯುತ್ತೇವೆ.

ಬಾಲವನ ಶಾಲೆಯಾಗಿ ಬಹುಕಾಲ ನಡೆಯಲಿಲ್ಲ. ಇದನ್ನು ಮುಚ್ಚಿಟ್ಟು ಕಾರಂತರನ್ನು ಹೊಗಳಿದರೆ ನಾವು ಏನನ್ನೂ ಕಲಿಯುವುದಿಲ್ಲ. ಹೆತ್ತವರಿಗೆ ಬೇಕಾಗಿದ್ದದ್ದು ಪರೀಕ್ಷೆ, ಉದ್ಯೋಗ. ಕುಣಿದು ಕಲಿಯುವ ಶಾಲೆಯನ್ನು ನಂಬಿ ಮಕ್ಕಳನ್ನು ಒಪ್ಪಿಸುವ ಧೈರ್ಯ ಹೆಚ್ಚಿನವರಿಗೆ ಬರಲಿಲ್ಲ. ಹಣವಿರಲಿಲ್ಲ. ಜೊತೆಗೆ ಅದು ಒಬ್ಬ ವ್ಯಕ್ತಿಯ ಹಟದ ಮೇಲೆ ನಿಂತ ಶಾಲೆಯಾಗಿತ್ತು. ಕಾರಂತರು ಮುಂಗೋಪಕ್ಕೂ ನಿಷ್ಠುರತೆಗೂ ಹೆಸರಾದವರು. ತಾನು ಸರಿಯೆಂದು ಕಂಡದ್ದರಲ್ಲಿ ರಾಜಿ ಮಾಡಿಕೊಳ್ಳುವವರಲ್ಲ. ನಾಡಹಬ್ಬದಲ್ಲಿ ಹತ್ತು ಜನರ ಹೆಗಲು ಇತ್ತು. ಶಾಲೆಯ ಭಾರವೆಲ್ಲ ಒಂದೇ ಹೆಗಲ ಮೇಲೆ ಬಿದ್ದಿತ್ತು. ಈ ವ್ಯತ್ಯಾಸವನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದುಕೊಂಡೆ.

ಶಾಲೆ ನಿಂತರೂ ಮಕ್ಕಳನ್ನು ಅವರು ಬಿಡಲಿಲ್ಲ. 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಹೊರಬಂತು. ಆಕಾಶ, ಭೂಮಿ, ಪ್ರಾಣಿ, ಯಂತ್ರ, ದೇಶ, ಜನ ಎಲ್ಲವನ್ನೂ ಚಿತ್ರಗಳೊಡನೆ ಕನ್ನಡದ ಮಗುವಿಗೆ ಪರಿಚಯಿಸುವ ವಿಶ್ವಕೋಶ ಅದು. ಇಂಥ ಕೆಲಸಕ್ಕೆ ಇಂದು ಒಂದು ಸಂಪಾದಕ ಮಂಡಳಿಯೇ ಬೇಕು. ಅವರು ಬಹುಮಟ್ಟಿಗೆ ಒಬ್ಬರೇ ಕುಳಿತು ಮಾಡಿದರು. ಮುಂದೆ ‘ಸಿರಿಗನ್ನಡ ಅರ್ಥಕೋಶ’ ಬಂತು, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬಂತು. ಕನ್ನಡದಲ್ಲಿ ಪದವಿಲ್ಲದ ಕಡೆ ಪದ ಹುಡುಕಿದರು, ಸಿಗದಿದ್ದರೆ ಕಟ್ಟಿದರು.

ಪುತ್ತೂರಿನ ದಿನಗಳಲ್ಲಿಯೇ ಅವರ ದೊಡ್ಡ ಕಾದಂಬರಿಗಳು ಹುಟ್ಟಿದವು. 1933ರಲ್ಲಿ ‘ಚೋಮನ ದುಡಿ’, 1943ರಲ್ಲಿ ‘ಬೆಟ್ಟದ ಜೀವ’, 1968ರಲ್ಲಿ ‘ಮೂಕಜ್ಜಿಯ ಕನಸುಗಳು’. ಇವುಗಳಲ್ಲಿ ‘ಬೆಟ್ಟದ ಜೀವ’ ನಮಗೆ ತೀರಾ ಹತ್ತಿರದ್ದು. ಪೆರಾಬೆಯಿಂದ ಕಡಬ ದಾಟಿ ಸುಬ್ರಹ್ಮಣ್ಯದ ಕಡೆಗೆ ಹೋದರೆ ಸಿಗುವ ಕಾಡು, ತೋಟ, ಹೊಳೆಗಳ ನಾಡೇ ಅದರ ಹಿನ್ನೆಲೆ. ಬೆಟ್ಟದ ಬುಡದಲ್ಲಿ ತೋಟ ಕಟ್ಟಿದ ಮುದುಕನೊಬ್ಬನನ್ನು ಕಾದಂಬರಿಯ ನಡುವೆ ನಿಲ್ಲಿಸಿದ ಲೇಖಕ, ಶಾಲೆಯ ಹೊರಗೂ ಗುರುಗಳಿದ್ದಾರೆಂದು ಬಲ್ಲವನಾಗಿರಬೇಕು.

ಯಕ್ಷಗಾನದ ಅಧ್ಯಯನಕ್ಕೆ ಅವರು ಕೊಟ್ಟ ದುಡಿಮೆಯೂ ಅಷ್ಟೇ ದೊಡ್ಡದು. ಕಲಾವಿದರ ಮನೆಗಳಿಗೆ ಅಲೆದು ಹಾಡು, ಹೆಜ್ಜೆ, ವೇಷಗಳನ್ನು ದಾಖಲಿಸಿದರು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ‘ಮೂಕಜ್ಜಿಯ ಕನಸುಗಳು’ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು. ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ನಿಂತರು. ಪುತ್ತೂರನ್ನು ಬಿಟ್ಟು ಹುಟ್ಟೂರಿನ ಬಳಿಯ ಸಾಲಿಗ್ರಾಮದಲ್ಲಿ ನೆಲೆಸಿ, 1997ರ ಡಿಸೆಂಬರ್ 9ರಂದು ತಮ್ಮ 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರಜೆಯ ಕೊನೆಯ ವಾರ ಪೆರಾಬೆಯಿಂದ ಉಪ್ಪಿನಂಗಡಿಗೆ, ಅಲ್ಲಿಂದ ಪುತ್ತೂರಿಗೆ ಬಸ್ಸು ಹಿಡಿದು ಬಾಲವನಕ್ಕೆ ಹೋಗಿ ಬಂದೆ. ಕಾರಂತರು ಬಾಳಿದ ಮನೆ, ಬಯಲು ರಂಗಮಂದಿರ, ಮರಗಳು, ಮಕ್ಕಳು ಈಜು ಕಲಿಯುವ ಕೊಳ. ಮರದ ನೆರಳಿನಲ್ಲಿ ಕುಳಿತು ನನ್ನ ಪಾಠಯೋಜನೆಯನ್ನು ಮತ್ತೆ ಓದಿದೆ. ಚಟುವಟಿಕೆ ಆಧಾರಿತ, ಮಗುಕೇಂದ್ರಿತ ಎಂಬ ಪದಗಳೆಲ್ಲ ಅದರಲ್ಲಿದ್ದವು. ಮಗು ತಪ್ಪು ಮಾಡಲು ಒಂದು ನಿಮಿಷವೂ ಅದರಲ್ಲಿರಲಿಲ್ಲ. ಜೀವಮಾನವಿಡೀ ಮಾಡಿ ಕೆಡಿಸಿ ಕಲಿತ ಮನುಷ್ಯನ ಅಂಗಳದಲ್ಲಿ ಕುಳಿತು ಅದನ್ನು ಓದಲು ನಾಚಿಕೆಯಾಯಿತು.

ಶಾಲೆ ಮತ್ತೆ ಆರಂಭವಾದಾಗ ದೀಪಾವಳಿ ಹತ್ತಿರವಿತ್ತು. ಈ ಬಾರಿ ಗೂಡುದೀಪ ಮಾಡುವುದೆಂದು ನಿರ್ಧರಿಸಿದೆ. ನಮ್ಮ ಕಡೆ ದೀಪಾವಳಿಗೆ ಮನೆಯ ಮುಂದೆ ಗೂಡುದೀಪ ತೂಗುವುದು ವಾಡಿಕೆ. ಈಗ ಹೆಚ್ಚಿನವರು ಪೇಟೆಯಿಂದ ಸಿದ್ಧ ದೀಪ ತರುತ್ತಾರೆ. ಮಾಡಲು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಮಾರ್ಗದರ್ಶಕ ಶಿಕ್ಷಕಿಯ ಒಪ್ಪಿಗೆ ಪಡೆದು, 35 ನಿಮಿಷದ ಒಂದು ಪಾಠದ ಬದಲು ಐದು ದಿನ, ದಿನಕ್ಕೆ ಒಂದು ಅವಧಿ ಕೇಳಿಕೊಂಡೆ. ನಾನು ಏನನ್ನೂ ಕತ್ತರಿಸಿ ತರುವುದಿಲ್ಲ ಎಂಬುದೊಂದೇ ನನಗೆ ನಾನು ಹಾಕಿಕೊಂಡ ನಿಯಮ.

ಒಬ್ಬ ಹುಡುಗನ ಅಜ್ಜ ಬಿದಿರು ಸೀಳಿಕೊಡಲು ಬಂದರು. ಕತ್ತಿಯ ಕೆಲಸ ಅವರದ್ದು, ಕಡ್ಡಿಗಳನ್ನು ಅಳೆದು ಗುರುತು ಹಾಕುವುದು ಮಕ್ಕಳದ್ದು. ಬೀಡಿ ಕಟ್ಟುವ ಇಬ್ಬರು ತಾಯಂದಿರು ಬಂದು ಕತ್ತರಿ ಹಿಡಿಯುವುದನ್ನೂ ನೂಲಿನ ಗಂಟು ಬಿಗಿಯುವುದನ್ನೂ ತೋರಿಸಿದರು. ಎಲೆ ಕತ್ತರಿಸಿ ಪಳಗಿದ ಅವರ ಬೆರಳುಗಳ ವೇಗ ನೋಡಿ ಮಕ್ಕಳು ಬಾಯಿ ಬಿಟ್ಟರು. ಅಂಟನ್ನು ಮೈದಾ ಕಾಸಿ ಅಡುಗೆಮನೆಯಲ್ಲೇ ಮಾಡಿದೆವು. ಮನೆಯಲ್ಲಿ ದೀಪಾವಳಿ ಆಚರಿಸದ ಮಕ್ಕಳೂ ತರಗತಿಯಲ್ಲಿದ್ದರು. ದೀಪ ಶಾಲೆಯದ್ದು, ಶಾಲೆ ಎಲ್ಲರದ್ದು ಎಂದಾಗ ಅವರೂ ಕಡ್ಡಿ ಹಿಡಿದರು. ಹಸಿರು ಕಾಗದ ಮೊದಲು ಖಾಲಿಯಾದದ್ದು ಅವರ ಗುಂಪಿನಿಂದಲೇ.

ಮಕ್ಕಳು ಮೊದಲು ಕಟ್ಟಿದ್ದು ಪೆಟ್ಟಿಗೆ. ಹನ್ನೆರಡು ಕಡ್ಡಿ, ಎಂಟು ಮೂಲೆ. ಕೈಬಿಟ್ಟ ಕೂಡಲೇ ಅದು ಒಂದು ಬದಿಗೆ ವಾಲಿತು. ಎತ್ತಿ ನಿಲ್ಲಿಸಿದರೆ ಇನ್ನೊಂದು ಬದಿಗೆ ವಾಲಿತು. ಸರಿಪಡಿಸಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು, ಪೆಟ್ಟಿಗೆಗೆ ನಡುವಿನಲ್ಲಿ ಊರುಗೋಲು ಬೇಕೆಂದು ತುಳುವಿನಲ್ಲಿ ಹೇಳಿ, ಒಂದು ಮೂಲೆಯಿಂದ ಎದುರು ಮೂಲೆಗೆ ಉದ್ದನೆಯ ಕಡ್ಡಿಯೊಂದನ್ನು ಕಟ್ಟಿದಳು. ಆ ಮುಖ ಅಲುಗಾಡುವುದನ್ನು ನಿಲ್ಲಿಸಿತು.

ಆಗ ಅಜ್ಜ ಅದೇ ಅಳತೆಯ ಹನ್ನೆರಡು ಕಡ್ಡಿ ತೆಗೆದುಕೊಂಡರು. ನಾಲ್ಕರಿಂದ ಒಂದು ಚೌಕ ಕಟ್ಟಿದರು. ಚೌಕದ ನಾಲ್ಕು ಮೂಲೆಗಳಿಂದ ನಾಲ್ಕು ಕಡ್ಡಿಗಳನ್ನು ಮೇಲಕ್ಕೆ ಒಯ್ದು ಒಂದು ತುದಿಯಲ್ಲಿ ಸೇರಿಸಿದರು. ಉಳಿದ ನಾಲ್ಕನ್ನು ಕೆಳಕ್ಕೆ ಇಳಿಸಿ ಹಾಗೆಯೇ ಕಟ್ಟಿದರು. ಎಂಟು ತ್ರಿಕೋನ ಮುಖಗಳ ಗೂಡು, ಯಾವ ಊರುಗೋಲೂ ಇಲ್ಲದೆ ಗಟ್ಟಿಯಾಗಿ ನಿಂತಿತು. ಕಡ್ಡಿಯ ಲೆಕ್ಕ ಒಂದೇ, ಒಂದು ಅಲುಗಾಡುತ್ತದೆ, ಇನ್ನೊಂದು ಅಲುಗಾಡುವುದಿಲ್ಲ. ಯಾಕೆಂದು ಮಕ್ಕಳು ಮುಖಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಮೂರು ಕಡ್ಡಿ ಕಟ್ಟಿದರೆ ಮಣಿಯುವುದಿಲ್ಲ, ನಾಲ್ಕು ಕಟ್ಟಿದರೆ ಮಣಿಯುತ್ತದೆ ಎಂಬಲ್ಲಿಗೆ ತಾವೇ ಬಂದು ತಲುಪಿದರು. ಆಕೃತಿಗಳ ಮೈಲಿಗಲ್ಲಿಗೆ ನಾನು ಮಿಂಚುಪಟ್ಟಿಗಳನ್ನು ಸಿದ್ಧಪಡಿಸಿಟ್ಟಿದ್ದೆ. ಅವುಗಳ ಅಗತ್ಯ ಬೀಳಲಿಲ್ಲ.

ಐದು ದಿನಗಳಲ್ಲಿ ಆರು ಗುಂಪುಗಳು ಆರು ದೀಪ ಮಾಡಿದವು. ಎರಡು ಸೊಟ್ಟ. ಒಂದರ ಕಾಗದ ಅಂಟಿಸುವಾಗಲೇ ಹರಿದು ತೇಪೆ ಬಿದ್ದಿತ್ತು. ಒಂದು ಪೆಟ್ಟಿಗೆಯಾಗಿಯೇ ಉಳಿಯಿತು, ಊರುಗೋಲು ಕಂಡುಹಿಡಿದ ಗುಂಪು ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅವಧಿ ಮೀರಿ ಕೊಠಡಿ ಗಲೀಜಾಗಿ, ಎರಡು ದಿನ ಕಸ ಗುಡಿಸಲು ನಾನು ಸಂಜೆ ಉಳಿಯಬೇಕಾಯಿತು. ಅವಲೋಕನ ಪುಸ್ತಕದಲ್ಲಿ ಈ ಬಾರಿ ಸಮಯಪಾಲನೆಗೆ ಅಂಕ ಕಡಿಮೆ ಬಂತು. ಆ ಟಿಪ್ಪಣಿ ನ್ಯಾಯವಾದದ್ದೇ. ಐದು ದಿನಗಳನ್ನು ಎಲ್ಲ ಘಟಕಗಳಿಗೂ ಕೊಡಲು ಯಾವ ಶಾಲೆಗೂ ಸಾಧ್ಯವಿಲ್ಲ. ವರ್ಷಕ್ಕೆ ಒಂದೆರಡು ಹಬ್ಬಗಳಿಗೆ ಕೊಡಬಹುದು.

ರಜೆಗೆ ಮುಂಚಿನ ದಿನ ಹೆತ್ತವರು ಬಂದರು. ಆರೂ ದೀಪಗಳು ಜಗಲಿಯಲ್ಲಿ ತೂಗುತ್ತಿದ್ದವು. ಯಾವ ದೀಪ ಯಾರದ್ದು ಎಂದು ನಾನು ಕೇಳಬೇಕಾಗಲಿಲ್ಲ. ಮಕ್ಕಳು ಅಪ್ಪ ಅಮ್ಮಂದಿರ ಕೈ ಹಿಡಿದು ನೇರವಾಗಿ ತಮ್ಮ ದೀಪದ ಕೆಳಗೆ ಎಳೆದುಕೊಂಡು ಹೋದರು. ಇದು ನಾನು ಕಟ್ಟಿದ ಗಂಟು, ಇದು ನಾನು ಹರಿದ ಕಾಗದ ಎಂದು ಬೆರಳಿಟ್ಟು ತೋರಿಸಿದರು. ತೇಪೆಯನ್ನು ತೋರಿಸುವಾಗ ಯಾರಿಗೂ ನಾಚಿಕೆ ಇರಲಿಲ್ಲ.

ಬಾಲವನದ ಶಾಲೆ ನಿಂತುಹೋದದ್ದಕ್ಕೆ ಕಾರಂತರ ಕಾಲದ ಜನರನ್ನು ದೂರುವುದು ಸುಲಭ. ಅದನ್ನು ಹೊರಲು ಬೇಕಾಗಿದ್ದದ್ದು ಸಾವಿರಾರು ಸಾಧಾರಣ ಶಿಕ್ಷಕರು, ಬಿದಿರು ಸೀಳುವ ಅಜ್ಜಂದಿರು, ಗಂಟು ಬಿಗಿಯುವ ತಾಯಂದಿರು. ನಲಿಕಲಿ ಕೊಠಡಿಗಳಿರುವ ಇಂದಿನ ಸರಕಾರಿ ಶಾಲೆಗೆ ಅವರನ್ನು ಕರೆಯುವ ಅವಕಾಶ ನಮಗಿದೆ. ಕಾರಂತರ ಪ್ರತಿಭೆ ನಮಗೆ ಬಾರದು. ಮಗುವಿನ ಸೊಟ್ಟ ದೀಪದ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಐದು ನಿಮಿಷ ನಿಲ್ಲುವುದನ್ನು ಅಭ್ಯಾಸದಿಂದ ಕಲಿಯಬಹುದು. ನಾನು ಇನ್ನೂ ಕಲಿಯುತ್ತಿದ್ದೇನೆ. ಆ ಮೂರು ಕಾಗದದ ನವಿಲುಗಳು ನನ್ನ ಪಾಠಯೋಜನೆಯ ಪುಸ್ತಕದೊಳಗೆ ಹಾಗೆಯೇ ಇವೆ.